ಎವಾರಿಸ್ತೊನ ಪ್ರೇಮಪತ್ರಗಳು

ಕೊಳೆ ಬಟ್ಟೆ ನೋಡಿದರೆ ಸಾಕು, ಮನುಷ್ಯ ಎಂಥವನು ಅಂತ ಸಾತುರ್ನಿನಾ ಹೇಳಿಬಿಡುತ್ತಿದ್ದಳು. ಹದಿಮೂರನೇ ವಯಸ್ಸಿನಿಂದ ಕೊಚಬಾಂಬಾದ ಹೊಳೆದಂಡೆಯಲ್ಲಿ ಊರವರ ಬಟ್ಟೆ ಒಗೆದವಳು ಅವಳು, ಸಲಿಗೆಯವರ ಬಾಯಲ್ಲಿ ಸಾತುಕಾ. ಕುಡುಕನ ತೋಳು, ಜಿಪುಣನ ಕಾಲರು, ಹೆಂಡತಿಗೆ ಹೊಡೆಯುವವನ ಮನೆಯ ದಿಂಬಿನ ಚೀಲ, ಒಂದೊಂದಕ್ಕೂ ಅದರದೇ ಗುರುತು. ಯುದ್ಧ ಶುರುವಾದ ಮೇಲೆ ಸೇನಾ ಆಸ್ಪತ್ರೆಯ ಬಟ್ಟೆಯೂ ಅವಳ ಪಾಲಿಗೆ ಬಂತು. ಕಾಳಗ ನಡೆಯುತ್ತಿದ್ದ, ನೀರಿಲ್ಲದ ಚಾಕೊದ ಮುಳ್ಳುಕಾಡಿನಿಂದ ಲಾರಿಯಲ್ಲಿ ಬರುತ್ತಿದ್ದ ಹುಡುಗರ ಹಾಸು, ಹೊದಿಕೆ, ಗಾಯದ ಪಟ್ಟಿ. ಕೀವು ಒಣಗಿ ಹಪ್ಪಳದ ಹಾಗೆ ಸೆಟೆದ ಪಟ್ಟಿಗಳನ್ನು ಬೂದಿನೀರಿನಲ್ಲಿ ಕುದಿಸಿದರೆ ಏಳುವ ಹಬೆಗೆ ಮೊದಲ ತಿಂಗಳು ಅವಳಿಗೆ ಉಂಡ ಅನ್ನ ನಿಲ್ಲುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು. ನಮ್ಮ ಹುಡುಗರ ಮೈಯ ಕೊಳೆ, ಇದಕ್ಕೆ ಹೇಸಿದರೆ ಹೇಗೆ ಅಂದುಕೊಂಡು ಕೈ ಅದ್ದುತ್ತಿದ್ದಳು.

ಅವಳು ಹೇಸುತ್ತಿದ್ದದ್ದು ಎವಾರಿಸ್ತೊ ಸೆಂತೆನೊನ ಅಂಗಿಗಳಿಗೆ. ವಾರಕ್ಕೆ ಆರು ಅಂಗಿ. ಯಾವುದರಲ್ಲೂ ಬೆವರಿನ ಕಲೆಯಿಲ್ಲ, ಧೂಳಿಲ್ಲ. ಎದೆಯ ಮೇಲೆ ಸಿಹಿ ಬ್ರೆಡ್ಡಿನ ಸಕ್ಕರೆ, ಬಲತೋಳಿನ ತುದಿಗೆ ನೇರಳೆ ಪೆನ್ಸಿಲಿನ ಗುರುತು, ಅಷ್ಟೆ. ಅವನದು ಸೇನೆಯ ಸಮವಸ್ತ್ರ, ಮುಖ ಕಾಣುವಂಥ ಬೂಟು. ಆದರೆ ಅವನು ಮಾಡುತ್ತಿದ್ದ ಯುದ್ಧವೆಲ್ಲ ಅಂಚೆ ಕಟ್ಟಡದ ಹಿಂದಿನ ಒಂದು ಕೋಣೆಯಲ್ಲಿ. ರಣರಂಗದಿಂದ ಬರುವ ಕಾಗದಗಳನ್ನು ಒಡೆದು ಓದಿ, ಬೇಡದ ಸಾಲು ಹೊಡೆದುಹಾಕುವ ಕೆಲಸ. ದೊಡ್ಡಪ್ಪ ಕರ್ನಲ್ ಆಗಿದ್ದರಿಂದ ಸಿಕ್ಕಿದ್ದು. ಯುದ್ಧಕ್ಕೆಂದು ಊರ ಚೌಕದಲ್ಲಿ ಹೆಂಗಸರ ಮದುವೆಯುಂಗುರ ಎತ್ತಿದ ಭಾನುವಾರ ತಟ್ಟೆ ಹಿಡಿದು ನಿಂತವನೂ ಅವನೇ. ಉಂಗುರ ಹಾಕಿದ ಪ್ರತಿಯೊಬ್ಬಳಿಗೂ ತಲೆ ಬಾಗಿಸಿ, ತಾಯ್ನಾಡು ನಿಮ್ಮನ್ನು ಮರೆಯುವುದಿಲ್ಲ ಅನ್ನುತ್ತಿದ್ದ.

ಅವನು ಮನಸೋತದ್ದು ಸಾತುರ್ನಿನಾಳ ತಂಗಿ ಜೆನೋಬಿಯಾಳಿಗೆ. ಅಕ್ಕನಿಗಿಂತ ಆರು ವರ್ಷ ಚಿಕ್ಕವಳು, ಹತ್ತೊಂಬತ್ತು. ತಾಯಿ ಸತ್ತ ಮೇಲೆ ಸಾತುರ್ನಿನಾ ತಂಗಿಯನ್ನು ಒಗೆಯುವ ಕಲ್ಲಿಗೆ ಹಚ್ಚಲಿಲ್ಲ. ತಾನು ಅಕ್ಷರ ಕಾಣದವಳು, ಇವಳಾದರೂ ಓದಲಿ ಅಂತ ಸನ್ಯಾಸಿನಿಯರ ಶಾಲೆಗೆ ಕಳಿಸಿದ್ದಳು. ಈಗ ಜೆನೋಬಿಯಾ ಮನೆಯಲ್ಲೇ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದಳು, ನಿಂಬೆಹೋಳು ಉಜ್ಜಿ ಕೈ ಮೆತ್ತಗಿಟ್ಟುಕೊಂಡಿದ್ದಳು. ಬೀದಿಯ ಹೆಂಗಸರಿಗೆ ಬಂದ ಕಾಗದ ಓದಿ ಹೇಳುವವಳೂ ಅವಳೇ.

ಸಾತುರ್ನಿನಾಳಿಗೂ ಕಾಗದ ಬರುತ್ತಿದ್ದ ಕಾಲವೊಂದಿತ್ತು. ಅವಳು ಮದುವೆಯಾಗಬೇಕಿದ್ದ ನಿಕಾನೋರ್ ಬಾವಿ ತೋಡುವವನು. ಅವರ ಹಿತ್ತಲ ಬಾವಿ ತೋಡಲು ಬಂದು, ಮೂರು ವಾರದ ಕೆಲಸವನ್ನು ಐದು ವಾರ ಎಳೆದು, ನೀರಿನ ಜೊತೆಗೆ ಇವಳನ್ನೂ ಗೆದ್ದಿದ್ದ. ಯುದ್ಧ ಹತ್ತಿದ ಎರಡನೇ ತಿಂಗಳಲ್ಲೇ ಅವನನ್ನು ಒಯ್ದರು. ಕಾಡಿನಲ್ಲೂ ಅವನಿಗೆ ಬಾವಿ ತೋಡುವ ಕೆಲಸವೇ ಬಿತ್ತು. ಐದು ಕಾಗದ ಬಂದವು. ಜೆನೋಬಿಯಾ ಓದಿ ಹೇಳಿ, ಭಾವ ಕಾಗದದಲ್ಲೂ ಆಳಕ್ಕೇ ಇಳಿಯುತ್ತಾನೆ ಅಂತ ನಗುತ್ತಿದ್ದಳು. ಕಳೆದ ಜೂನಿನಿಂದ ಒಂದೂ ಬಂದಿರಲಿಲ್ಲ. ಸಾತುರ್ನಿನಾ ಮಾತ್ರ ಹದಿನೈದು ದಿನಕ್ಕೊಮ್ಮೆ ಹೇಳಿ ಬರೆಸುತ್ತಿದ್ದಳು. ಸೀದಾ ಸೇನೆಯ ಅಂಚೆಚೀಲಕ್ಕೇ ಹಾಕಿಸುತ್ತೇನೆ ಅಂತ ಎವಾರಿಸ್ತೊ ತಾನೇ ಕೇಳಿ ಒಯ್ಯುತ್ತಿದ್ದ.

ಎದುರು ಮನೆಯ ದೋನ್ಯಾ ಪೆತ್ರೋನಾ ಮುಸುಕಿನ ಜೋಳದ ಹೆಂಡ ಕಾಸಿ ಮಾರುವವಳು. ಹೆಂಡ ಉಂಟು ಅನ್ನುವುದಕ್ಕೆ ಬಾಗಿಲ ಮುಂದಿನ ಗಳುವಿಗೆ ಬಿಳಿ ಬಟ್ಟೆ ಕಟ್ಟಿರುತ್ತಿದ್ದಳು. ಅವಳ ಒಬ್ಬನೇ ಮಗ ಲೀನೊ ಸತ್ತ ಸುದ್ದಿ ಆಗಸ್ಟಿನಲ್ಲಿ ಬಂತು. ಅವನ ಕೊನೆಯ ಕಾಗದ ಏಪ್ರಿಲಿನದು. ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು ಅದನ್ನೇ ಜೆನೋಬಿಯಾಳಿಂದ ಓದಿಸಿಕೊಂಡು ಹೋಗುತ್ತಿದ್ದಳು.

ಇಷ್ಟರ ನಡುವೆ ಎವಾರಿಸ್ತೊ ಜೆನೋಬಿಯಾಳಿಗೆ ಕಾಗದ ಬರೆಯುತ್ತಿದ್ದ. ಇದ್ದದ್ದು ಆರು ಬೀದಿ ಆಚೆ, ಆದರೂ ವಾರಕ್ಕೊಂದು. ಅವಳು ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವಾಗ ಅಕ್ಕನಿಗೆ ಓದಿ ಹೇಳುವಳು. ಸಾತುರ್ನಿನಾಳಿಗೆ ಆಶ್ಚರ್ಯ. ಇಂಥ ಅಂಗಿ ತೊಡುವವನ ಹೊಟ್ಟೆಯಲ್ಲಿ ಇಂಥ ಮಾತು ಎಲ್ಲಿಂದ ಹುಟ್ಟುತ್ತದೆ? ತಾನೇ ಅವನನ್ನು ತಪ್ಪು ತೂಗಿದೆನೋ ಏನೋ ಅಂತಲೂ ಅನ್ನಿಸಿತ್ತು.

ಫೆಬ್ರವರಿಯ ಒಂದು ಬೆಳಗ್ಗೆ ಬಂದ ಕಾಗದ ಹೀಗಿತ್ತು:

"ನನ್ನ ಜೀವವೇ, ನಿನ್ನನ್ನು ಕಾಣದ ದಿನ ನಾಲಿಗೆ ಬಾಯೊಳಗೆ ತೊಗಲಿನ ಚೂರಿನ ಹಾಗೆ ಬಿದ್ದಿರುತ್ತೆ. ಕಣ್ಣು ಮುಚ್ಚಿದರೆ ಬೂದಿನೀರಿಗೆ ಒಡೆದ ನಿನ್ನ ಕೈ ಕಾಣುತ್ತೆ. ಆ ಕೈ ಕಿವಿಗೊತ್ತಿಕೊಂಡರೆ ಜೋಳದ ಸಿಪ್ಪೆ ಸರಸರ ಅಂದಂಗೆ ಕೇಳ್ತಿತ್ತಲ್ಲ, ಇನ್ನೊಂದು ಸಲ ಅದನ್ನ ಕೇಳಿ ಸಾಯಬೇಕು."

ಸಾತುರ್ನಿನಾ ಹಿಂಡುತ್ತಿದ್ದ ಹಾಸು ಕೈಯಿಂದ ಜಾರಿತು. ಇನ್ನೊಂದು ಸಲ ಓದು ಅಂದಳು. ಜೆನೋಬಿಯಾ ಓದಿದಳು, ಈ ಸಲ ಸ್ವಲ್ಪ ಬೇಗ ಬೇಗ. ಬಾವಿಕಟ್ಟೆಯ ಹಿಂದೆ ನಿಂತು ನಿಕಾನೋರ್ ಅವಳ ಕೈ ತೆಗೆದು ಕಿವಿಗೆ ಒತ್ತಿಕೊಂಡದ್ದು, ಜೋಳದ ಸಿಪ್ಪೆ ಅಂದದ್ದು, ಅದನ್ನು ಅವಳು ಇಲ್ಲಿಯವರೆಗೆ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ತಂಗಿಯ ಕೈ ನೋಡಿದಳು. ಬೆಣ್ಣೆಯಂಥ ಕೈ. ತನ್ನದನ್ನು ನೋಡಿಕೊಳ್ಳಬೇಕಾಗಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಆರು ಅಂಗಿ ಮಡಚಿ ತಾನೇ ಎವಾರಿಸ್ತೊನ ಬಿಡಾರಕ್ಕೆ ಹೋದಳು. ಅವನು ಊಟಕ್ಕೆ ಕೂತಿದ್ದ. ಅವಳು ಸುತ್ತುಬಳಸದೆ ಕೇಳಿದಳು, ನಿಕಾನೋರನ ಕಾಗದ ಎಲ್ಲಿ ಅಂತ. ಬೆವರುತ್ತಾನೆ, ತೊದಲುತ್ತಾನೆ ಅಂದುಕೊಂಡಿದ್ದಳು. ಅವನು ಬಾಯಿ ಒರೆಸಿಕೊಂಡು, ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆಯೊಂದನ್ನು ಕಾಲಿನಲ್ಲೇ ಎಳೆದ. ಅದರ ತುಂಬ ಕಾಗದ. ಎಷ್ಟೋ ಸಾಲುಗಳ ಕೆಳಗೆ ನೇರಳೆ ಗೆರೆ.

"ಸುಡಬೇಕು ಅಂತ ಅಪ್ಪಣೆ ಇದೆ," ಅಂದ. "ಬಾಯಾರಿಕೆ ಅಂತ ಬರೆದಿದ್ರೆ ಸುಡು, ಹಸಿವು ಅಂತ ಬರೆದಿದ್ರೆ ಸುಡು. ನಾನು ಸುಡಲಿಲ್ಲ. ಎಂಥೆಂಥ ಒಳ್ಳೆ ಮಾತು, ಸುಮ್ನೆ ಬೂದಿಯಾಗ್ತಾವಲ್ಲ ಅಂತ ಇಟ್ಕೊಂಡೆ. ನೀನು ನನಗೆ ಉಪಕಾರ ಹೇಳ್ಬೇಕು, ಸಾತುಕಾ."

"ಅವು ನಿಮ್ಮ ಮಾತಲ್ಲ."

"ಬಾವಿ ತೋಡೋನದು ಅಂತ ಯಾರಿಗೆ ಗೊತ್ತಾಗುತ್ತೆ? ಅಲ್ಲೇ ಇದ್ದಿದ್ರೆ ಮಣ್ಣಾಗ್ತಿತ್ತು. ಇಲ್ಲಿ ನಿನ್ನ ತಂಗಿಗೆ ಖುಷಿಯಾಯ್ತು. ನಾಳೆ ನೀನು ನನಗೂ ಅಕ್ಕನೇ ತಾನೇ?"

ಪೆಟ್ಟಿಗೆ ಕೆದಕಿ ನಾಲ್ಕು ಕಾಗದ ತೆಗೆದು ಕೊಟ್ಟ. ಕೊಟ್ಟವನು ಅವಳ ಮುಖ ನೋಡಿದ. ಅಲ್ಲಿ ಕಂಡದ್ದು ಅವನಿಗೆ ಹಿಡಿಸಲಿಲ್ಲ ಅಂತ ಕಾಣುತ್ತದೆ, ದನಿ ತಗ್ಗಿಸಿದ. ನಿಕಾನೋರನನ್ನು ಕಾಡಿನಿಂದ ಹಿಂದಕ್ಕೆ ಕರೆಸಬಹುದು, ತಾರಿಹಾ ಕಡೆ ರಸ್ತೆ ಕೆಲಸಕ್ಕೆ ಜನ ಬೇಕಾಗಿದ್ದಾರೆ, ದೊಡ್ಡಪ್ಪನ ಕಿವಿಗೆ ಹೆಸರೊಂದು ಬಿದ್ದರೆ ಆಯಿತು ಅಂದ.

"ನೀನು ಮಾತ್ರ ಬಾಯಿ ಮುಚ್ಕೊಂಡಿರ್ಬೇಕು. ಆ ಪೆತ್ರೋನಾ ಹತ್ರ ಅಂತೂ ಉಸಿರೆತ್ತಬಾರದು."

ಲೀನೊನ ಕಾಗದವೂ ಆ ಪೆಟ್ಟಿಗೆಯಲ್ಲಿದೆ ಅಂತ ಸಾತುರ್ನಿನಾಳಿಗೆ ಹೊಳೆಯಿತು. ಆದರೂ ಹ್ಞೂಂ ಅಂದಳು.

ಆ ಹ್ಞೂಂ ದಾರಿಯುದ್ದಕ್ಕೂ ಕೆಟ್ಟ ಕೊಬ್ಬಿನ ಹಾಗೆ ಅವಳ ಅಂಗುಳಿಗೆ ಮೆತ್ತಿಕೊಂಡಿತ್ತು. ಎರಡು ಕಡೆ ನಿಂತು ಉಗಿದಳು, ಹೋಗಲಿಲ್ಲ.

ಮನೆಯಲ್ಲಿ ನಾಲ್ಕು ಕಾಗದವನ್ನೂ ತಂಗಿಯ ಮುಂದಿಟ್ಟು ಓದು ಅಂದಳು. ಜೆನೋಬಿಯಾ ಅವನ್ನು ನೋಡಿ ಬೆಚ್ಚಲಿಲ್ಲ, ಎಲ್ಲಿಂದ ಬಂದವು ಅಂತಲೂ ಕೇಳಲಿಲ್ಲ. ಬರಿ ಮುಖ ಬಿಳುಪೇರಿತು. ಆಗಲೇ ಸಾತುರ್ನಿನಾಳಿಗೆ ಎಲ್ಲ ತಿಳಿದುಹೋಯಿತು. ನಿಕಾನೋರನ ಐದು ಕಾಗದ ಓದಿದ ಬಾಯಿ ಇದು. ಲೀನೊನದನ್ನು ವಾರವಾರ ಓದುವ ಬಾಯಿ ಇದು. ಯಾರ ಮಾತು ಯಾವುದು ಅಂತ ಇವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

"ಯಾವಾಗಿಂದ?"

"ಎರಡನೇ ಕಾಗದದಿಂದ," ಅಂದಳು ಜೆನೋಬಿಯಾ. "ನನಗೆ ಅಂಥದ್ದು ಯಾರು ಬರೀತಾರಕ್ಕ? ನಿನಗೆ ಬರೆಯೋನಿದ್ದ. ಅದಕ್ಕೇ, ನಿನ್ನ ಕಿವಿಗೂ ಬೀಳಲಿ ಅಂತ ಗಟ್ಟಿಯಾಗಿ ಓದ್ತಿದ್ದೆ."

"ಸುಳ್ಳು."

"ಸುಳ್ಳೋ ನಿಜಾನೋ ನನಗೂ ಗೊತ್ತಿಲ್ಲ."

ಸಾತುರ್ನಿನಾ ಹೊಡೆಯಲು ಎತ್ತಿದ ಕೈ ಇಳಿಸಿದಳು. ಆ ಕೆನ್ನೆ ಮುಟ್ಟುವುದಕ್ಕೂ ಅಸಹ್ಯವಾಯಿತು. ಓದು ಅಂದಳು ಮತ್ತೆ. ಜೆನೋಬಿಯಾ ಅಳುತ್ತಲೇ ನಾಲ್ಕನ್ನೂ ಓದಿದಳು. ಕೊನೆಯದರಲ್ಲಿ ನಿಕಾನೋರ್ ಕೇಳಿದ್ದ: ನಿನ್ನ ಕಾಗದ ಬಂದು ಐದು ತಿಂಗಳಾಯಿತು. ಬೇರೆ ಯಾರನ್ನಾದರೂ ನೋಡಿಕೊಂಡಿದ್ದರೆ ಹೇಳಿಬಿಡು, ತಪ್ಪು ತಿಳಿಯುವುದಿಲ್ಲ. ಇಲ್ಲಿ ಕಾಯುವುದು ಬಾಯಾರಿಕೆಗಿಂತ ಕಷ್ಟ.

ಆ ದಿನವೇ ಉತ್ತರ ಬರೆಸಿದಳು. ಕಳಿಸಲು ಇದ್ದದ್ದು ಅದೇ ಒಂದು ದಾರಿ. ಎವಾರಿಸ್ತೊ ಅದನ್ನು ಜೇಬಿಗಿಟ್ಟುಕೊಂಡು, ಈ ಸಲ ಖಂಡಿತ ಅಂದ.

ಒಂದು ತಿಂಗಳು ಅವಳು ಬಾಯಿ ಬಿಡಲಿಲ್ಲ. ಅವನ ಅಂಗಿ ಒಗೆದಳು, ಗಂಜಿ ಹಾಕಿದಳು. ವಾರವಾರವೂ ಕೇಳಿದಳು, ವಾರವಾರವೂ ಅವನು ಬರೆದಾಗಿದೆ, ಮೇಲಿನವರ ರುಜು ಬೀಳಬೇಕು ಅಂದ. ಜೆನೋಬಿಯಾಳಿಗೆ ಕಾಗದ ಬರುತ್ತಲೇ ಇದ್ದವು. ಈಗ ಅವಳು ಗಟ್ಟಿಯಾಗಿ ಓದುತ್ತಿರಲಿಲ್ಲ, ಅಷ್ಟೆ. ಅಕ್ಕ ತಂಗಿ ಒಂದೇ ಒಲೆಯಲ್ಲಿ ಬೇಯಿಸಿ, ಬೇರೆ ಬೇರೆ ಮೂಲೆಯಲ್ಲಿ ಕೂತು ತಿಂದರು. ಹೊಳೆದಂಡೆಯಲ್ಲಿ ಕೀವಿನ ಪಟ್ಟಿ ಕುದಿಸುವಾಗ ಸಾತುರ್ನಿನಾಳಿಗೆ, ನಾರುತ್ತಿರುವುದು ಹಂಡೆಯೋ ತಾನೋ ಅನ್ನಿಸುತ್ತಿತ್ತು. ಪೆತ್ರೋನಾ ಎದುರು ಬಾಗಿಲಿಂದ ಬಾಯ್ತುಂಬ ಕರೆದು ಬಿಸಿ ಜೋಳ ಕೊಟ್ಟರೆ, ಇಸಿದುಕೊಂಡು ಒಳಗೆ ಬಂದು ಕೋಳಿಗೆ ಹಾಕುತ್ತಿದ್ದಳು.

ನಾಲ್ಕನೇ ಭಾನುವಾರ ಪೆತ್ರೋನಾ ಎಂದಿನಂತೆ ಏಪ್ರಿಲಿನ ಕಾಗದ ಹಿಡಿದು ಬಂದಳು. ಮಡಿಕೆ ಮಡಿಕೆಯಲ್ಲೂ ಅದು ಹರಿದಿತ್ತು, ಹಿಂದಿನಿಂದ ಹಿಟ್ಟು ಹಚ್ಚಿ ಅಂಟಿಸಿದ್ದಳು. ಜೆನೋಬಿಯಾ ಓದಿದಳು. ಕೊನೆಗೆ ಪೆತ್ರೋನಾ ಶಾಲಿನ ಅಂಚಿನಲ್ಲಿ ಮೂಗು ಒರೆಸಿಕೊಂಡು, ಇದಾದ ಮೇಲೂ ನಾಲ್ಕು ತಿಂಗಳು ಬದುಕಿದ್ದನಲ್ಲ, ಅಮ್ಮನಿಗೆ ಒಂದು ಸಾಲು ಗೀಚಲೂ ಆಗಲಿಲ್ಲವೇ ಅವನಿಗೆ, ಅಂಥ ಮಗನಲ್ಲವಲ್ಲ ಅಂದಳು.

ಸಾತುರ್ನಿನಾಳಿಗೆ ತಡೆಯಲಾಗಲಿಲ್ಲ. "ಬರೆದಿದ್ದಾನೆ. ಆ ಸೆಂತೆನೊ ಮಂಚದ ಕೆಳಗಿದೆ," ಅಂದಳು. ಉಳಿದದ್ದನ್ನೂ ಹೇಳಿದಳು, ತನ್ನ ಹ್ಞೂಂ ಅನ್ನೂ ಬಿಡದೆ.

ಪೆತ್ರೋನಾ ಕೂಗಾಡಲಿಲ್ಲ. ಎಷ್ಟು ದಿನದಿಂದ ಗೊತ್ತಿತ್ತು ನಿನಗೆ ಅಂತ ಕೇಳಿದಳು. ತಿಂಗಳಾಯಿತು ಅಂದಳು ಸಾತುರ್ನಿನಾ. "ತಿಂಗಳಿಡೀ ನನ್ನ ಜೋಳ ತಿಂದೆಯಲ್ಲೇ," ಅಂದು ಎದ್ದು ಹೋಗಿ, ತನ್ನ ಗಳುವಿನ ಬಿಳಿ ಬಟ್ಟೆ ಬಿಚ್ಚಿ, ಅಂಗಡಿ ಮುಚ್ಚಿ, ಬೀದಿಯ ಮನೆಮನೆಗೂ ಹೋದಳು.

ಮಾರನೆಯ ದಿನ ಮಧ್ಯಾಹ್ನ ಹನ್ನೊಂದು ಹೆಂಗಸರು ಬಟ್ಟೆ ಬುಟ್ಟಿ ಹೊತ್ತು ಎವಾರಿಸ್ತೊನ ಬಿಡಾರಕ್ಕೆ ನಡೆದರು. ಮನೆಯೊಡತಿಯ ಅಕ್ಕನ ಮಗನೂ ಕಾಡಿನಲ್ಲಿದ್ದ. ವಿಷಯ ಕೇಳಿ ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಎವಾರಿಸ್ತೊ ಪೆಟ್ಟಿಗೆಗೆ ಅಡ್ಡ ನಿಂತು, ಇದು ಸರ್ಕಾರದ ಸ್ವತ್ತು, ಮುಟ್ಟಿದರೆ ಜೈಲಿಗೆ ಹಾಕಿಸುತ್ತೇನೆ ಅಂದ.

"ಹಾಕ್ಸು," ಅಂದಳು ಪೆತ್ರೋನಾ. "ಏನು ಕದ್ದೆವು ಅಂತ ಅಲ್ಲಿ ಓದಿ ಹೇಳ್ಬೇಕಾಗುತ್ತೆ. ನಿನ್ನ ಬಾಯಿಂದ್ಲೇ ಓದು."

ಅವನು ಸರಿದ. ಗೋಡೆಗೆ ಬೆನ್ನು ಹಚ್ಚಿ, ಅಂಗಿ ಅವರಿಗೆ ತಾಕದ ಹಾಗೆ ಕೈ ಒಳಕ್ಕೆಳೆದುಕೊಂಡು ನಿಂತ. ಒಬ್ಬಳೂ ಅವನನ್ನು ಮುಟ್ಟಲಿಲ್ಲ. ಪೆಟ್ಟಿಗೆ ಬುಟ್ಟಿಗಳಿಗೆ ಸುರಿದು, ಮೇಲೆ ಹಾಸು ಮುಚ್ಚಿ ಹೊಳೆದಂಡೆಗೆ ತಂದರು. ಜೆನೋಬಿಯಾ ಅಲ್ಲೇ ಇದ್ದಳು. ಓಡಿ ಹೋಗಬಹುದಿತ್ತು, ಹೋಗಿರಲಿಲ್ಲ.

"ನೀನೇ ಓದ್ಬೇಕು," ಅಂದಳು ಪೆತ್ರೋನಾ. "ನಿನಗೆ ಈ ಮಾತುಗಳ ರೂಢಿ ಇದೆಯಲ್ಲ."

ಹೊತ್ತು ಇಳಿಯುವವರೆಗೆ ಜೆನೋಬಿಯಾ ಕಲ್ಲಿನ ಮೇಲೆ ಕೂತು ಓದಿದಳು. ಹೆಸರು ಹೇಳುವಳು, ಆ ಮನೆಯವಳು ಹತ್ತಿರ ಬಂದು ಕೂರುವಳು. ಇಬ್ಬರ ಗಂಡಂದಿರು ಆಗಲೇ ಸತ್ತಿದ್ದರು. ಒಬ್ಬಳು, ಮೊದಲೇ ಬಂದಿದ್ದರೆ ಮಗುವಿಗೆ ಅವನು ಹೇಳಿದ ಹೆಸರೇ ಇಡುತ್ತಿದ್ದೆ ಅಂತ ಅತ್ತಳು. ಬುಟ್ಟಿಯ ತಳದಲ್ಲಿ ಜೂನಿನಿಂದೀಚೆ ಸಾತುರ್ನಿನಾ ಬರೆಸಿದ ಕಾಗದಗಳೆಲ್ಲ ಇದ್ದವು, ಹೋದ ತಿಂಗಳಿನದೂ ಸೇರಿ. ಒಂದೂ ಊರು ಬಿಟ್ಟು ಹೋಗಿರಲಿಲ್ಲ.

ಲೀನೊನವು ಎರಡು ಸಿಕ್ಕವು. ಒಂದರಲ್ಲಿ ಜೆನೋಬಿಯಾ ತಡವರಿಸಿ ನಿಂತಳು. ಪೆತ್ರೋನಾ ಇಣುಕಿದಳು. ಅವಳಿಗೆ ಅಕ್ಷರ ಬಾರದಿದ್ದರೂ, ಮೊದಲ ಮಾತನ್ನು ನೇರಳೆಯಲ್ಲಿ ಹೊಡೆದು ಮೇಲೆ ಬೇರೇನೋ ಬರೆದದ್ದು ಕಂಡಿತು. ಏನದು ಅಂತ ಕೇಳಿದಳು.

"ಅಮ್ಮಾ ಅಂತಿತ್ತು," ಅಂದಳು ಜೆನೋಬಿಯಾ. "ಅದನ್ನ ಹೊಡೆದು ನನ್ನ ಹೆಸರು ಬರ್ಕೊಂಡಿದ್ದಾನೆ."

"ಮುಂದೆ ಓದು."

"ಅಮ್ಮಾ, ಒಲೆ ಊದಿ ಊದಿ ಹೊಗೆ ಹಿಡಿದ ನಿನ್ನ ಕೂದಲ ವಾಸನೆ ಇಲ್ಲಿ ಒಂದೊಂದು ಸಲ ತಾನಾಗೇ ಬರುತ್ತೆ. ಆಗ ಬಂದೂಕ ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಡ್ತೀನಿ."

ಪೆತ್ರೋನಾ ತನ್ನ ಜಡೆಯ ತುದಿ ಮೂಗಿಗೆ ಹಿಡಿದುಕೊಂಡು ಕೂತಳು. ಜೆನೋಬಿಯಾ ಎದ್ದು ನೀರಿನ ಅಂಚಿಗೆ ಹೋಗಿ ವಾಂತಿ ಮಾಡಿಕೊಂಡಳು. ಅದೇ ಸಾಲನ್ನು ಅವಳು ಒಂದು ವಾರ ರವಿಕೆಯೊಳಗೆ ಇಟ್ಟುಕೊಂಡು ಓಡಾಡಿದ್ದಳು. ಮತ್ತೆ ಬಂದು ಕೂತು, ಉಳಿದದ್ದನ್ನು ಓದಿದಳು.

ಎವಾರಿಸ್ತೊನಿಗೆ ಏನೂ ಆಗಲಿಲ್ಲ. ಹೆಂಗಸರು ಮೂರು ಕಚೇರಿ ಅಲೆದರು. ಯುದ್ಧದ ಕಾಲದಲ್ಲಿ ಇಂಥದ್ದು ದೊಡ್ಡದು ಮಾಡಬಾರದು ಅಂತ ಒಬ್ಬ, ನಿಮಗೆ ಕಾಗದ ಸಿಕ್ಕಿತಲ್ಲ ಮತ್ತೇನು ಅಂತ ಇನ್ನೊಬ್ಬ. ಹದಿನೈದು ದಿನದಲ್ಲಿ ಅವನಿಗೆ ಲಾ ಪಾಸ್‌ಗೆ ವರ್ಗವಾಯಿತು, ಮೇಲಿನ ದರ್ಜೆಗೆ. ಹೋಗುವಾಗ ಜೆನೋಬಿಯಾಳಿಗೆ ಹೇಳಿ ಹೋಗಲಿಲ್ಲ. ಒಗೆಯಲು ಕೊಟ್ಟಿದ್ದ ಅಂಗಿಗಳನ್ನು ಮಾತ್ರ ಮರೆಯದೆ ಆಳು ಕಳಿಸಿ ತರಿಸಿಕೊಂಡ.

ಆಸ್ಪತ್ರೆಯಲ್ಲಿ ವಾಸಿಯಾಗಿ ಕಾಡಿಗೆ ಮರಳುತ್ತಿದ್ದ ಒಬ್ಬನ ಕೈಯಲ್ಲಿ ಸಾತುರ್ನಿನಾ ನಿಕಾನೋರನ ತುಕಡಿಗೆ ಕಾಗದ ಕಳಿಸಿದಳು. ಉತ್ತರ ಬರಲಿಲ್ಲ. ಆ ವರ್ಷದ ಕೊನೆಗೆ ಅದೇ ತುಕಡಿಯನ್ನು ನೀರಿಲ್ಲದ ಕಡೆ ಶತ್ರುಗಳು ಸುತ್ತುವರಿದು, ನಲವತ್ತು ಜನರಲ್ಲಿ ಮೂವರು ಉಳಿದರು ಅಂತ ಸುದ್ದಿ ಬಂತು. ಅವಳು ಕಪ್ಪು ಲಂಗ ಹೊಲಿಸಿಕೊಂಡಳು. ಅಕ್ಕ ತಂಗಿಯರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಯುದ್ಧ ಮುಗಿದ ಮೂರು ತಿಂಗಳಿಗೆ, ಸಂತೆಯಲ್ಲಿ, ಈರುಳ್ಳಿ ರಾಶಿಯ ಆಚೆ ನಿಕಾನೋರ್ ನಿಂತಿದ್ದ. ಮಲೇರಿಯಾದಿಂದ ಮುಖ ಹಳದಿ, ಮುಂದಿನ ಎರಡು ಹಲ್ಲಿಲ್ಲ. ಪಕ್ಕದಲ್ಲಿ ತಾರಿಹಾದ ಕಡೆಯ ಉಡುಪಿನ ಹುಡುಗಿ, ಏಳು ತಿಂಗಳ ಬಸುರಿ. ಅವನು ಇವಳ ಕಪ್ಪು ಲಂಗ ನೋಡಿ, ಯಾರು ಹೋದರು ಅಂತ ಕೇಳಿದ. ದೂರದ ನೆಂಟರು ಅಂದಳು.

ಅವನು ಹೆಂಡತಿಯನ್ನು ಪರಿಚಯಿಸಿದ. ಒಳ್ಳೆಯ ಹುಡುಗಿ, ಕಣ್ಣೆತ್ತಿ ನೋಡಿ ನಕ್ಕಳು, ಬುಟ್ಟಿಯಿಂದ ಒಂದು ಪೀಚ್ ಹಣ್ಣು ತೆಗೆದು ಕೊಟ್ಟಳು. ಹೆಂಡತಿ ಈರುಳ್ಳಿ ಆರಿಸಲು ಬಾಗಿದಾಗ ಅವನು ಮೆಲ್ಲಗೆ ಅಂದ:

"ನಾನು ಬರೆದೆ ಸಾತುಕಾ."

"ಬಂದವು. ತಡವಾಗಿ ಬಂದವು. ನಾನೂ ಬರೆದೆ."

"ಆಮೇಲಾಮೇಲೆ ಒಂದೂ ಬರಲಿಲ್ಲ."

"ಯುದ್ಧ ಅಲ್ವಾ, ಕಳೆದುಹೋಗ್ತವೆ," ಅಂದಳು. ಎವಾರಿಸ್ತೊನ ಹೆಸರು ಹೇಳಿದರೆ ಈ ಹುಡುಗಿಯನ್ನು ಇಲ್ಲೇ ಬಿಟ್ಟು ಚಾಕು ಹಿಡಿದು ಲಾ ಪಾಸ್‌ಗೆ ಹೋಗುವವನೇ ಅವನು. ತನ್ನ ಬಾಯಿಂದ ಸುಳ್ಳು ಎಷ್ಟು ನಯವಾಗಿ ಬಂತು ಅಂತ ಅವಳಿಗೇ ಅಸಹ್ಯವಾಯಿತು.

ಅವನು ಹೇಳುತ್ತಾ ಹೋದ. ಅಲ್ಲೇ ಇದ್ದಿದ್ದರೆ ತುಕಡಿಯವರ ಜೊತೆ ತಾನೂ ಒಣಗಿ ಸಾಯುತ್ತಿದ್ದ. ಹೋದ ವರ್ಷ ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ಅವನೊಬ್ಬನ ಹೆಸರಿಗೆ ಆಜ್ಞೆ ಬಂತು, ತಾರಿಹಾಕ್ಕೆ, ರಸ್ತೆ ಕೆಲಸಕ್ಕೆ. ಯಾಕೆ ಅಂತ ಅವನ ಅಧಿಕಾರಿಗೂ ಗೊತ್ತಿರಲಿಲ್ಲ.

"ಯಾವನೋ ಪುಣ್ಯಾತ್ಮ ನನ್ನ ಹೆಸರು ಬರೆದಿದ್ದಾನೆ," ಅಂದ. "ಯಾರು ಅಂತ ಗೊತ್ತಾದ್ರೆ ಹೋಗಿ ಕಾಲಿಗೆ ಬೀಳ್ತೀನಿ. ಹುಟ್ಟೋ ಮಗು ಗಂಡಾದ್ರೆ ಅವನ ಹೆಸರೇ ಇಡ್ತೀನಿ."

"ಯಾವನೋ ಗುಮಾಸ್ತ ಇರ್ಬೇಕು ಬಿಡು," ಅಂದಳು ಸಾತುರ್ನಿನಾ. ಹಣ್ಣು ಕೈಯಲ್ಲಿ ಹಿಡಿದುಕೊಂಡೇ ಹೊರಟಳು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಜೆನೋಬಿಯಾ ಇಸ್ತ್ರಿ ನಿಲ್ಲಿಸಿ, ಏನಾಯಿತು ಅಂತ ಕೇಳಿದಳು. ನಿಕಾನೋರ್ ಬದುಕಿದ್ದಾನೆ, ಮದುವೆಯಾಗಿದ್ದಾನೆ ಅಂತ ಹೇಳಿದಳು. ಅವನನ್ನು ಬದುಕಿಸಿದ್ದು ಯಾರು ಅಂತಲೂ ಹೇಳಿದಳು.

"ಕಾಲಿಗೆ ಬೀಳ್ತಾನಂತೆ ಕಣೆ," ಅಂದಳು. ನಗು ಬಂತು, ನಗುತ್ತಾ ನಗುತ್ತಾ ಅದು ಓಕರಿಕೆಗೆ ತಿರುಗಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರಿ ಹುಳಿನೀರು ಬಂತು. ಜೆನೋಬಿಯಾ ಓಡಿ ಬಂದು ಅಕ್ಕನ ಹಣೆಗೆ ಕೈ ಕೊಟ್ಟಳು. ಒಂದೂವರೆ ವರ್ಷದಲ್ಲಿ ಅವಳು ಅಕ್ಕನನ್ನು ಮುಟ್ಟಿರಲಿಲ್ಲ. ಸಾತುರ್ನಿನಾ ಆ ಕೈ ತಳ್ಳಲಿಲ್ಲ, ಅದರ ಮೇಲೆ ತಲೆಯಾನಿಸಲೂ ಇಲ್ಲ. ಉಸಿರು ಹದಕ್ಕೆ ಬಂದ ಮೇಲೆ ನೀರು ಕೊಡು ಅಂದಳು. ಬಾಯಿ ಮುಕ್ಕಳಿಸಿ ಅಂಗಳಕ್ಕೆ ಉಗಿದು, ಇನ್ನೊಂದು ಚೊಂಬು ಕೇಳಿದಳು.